ಎಣ್ಣೆ ಇಳಿಯದ ಅಲಗು

ಮರ ಕುಯ್ಯುವ ಮಿಷೀನಿಗೆ ಎರಡು ಹೊಟ್ಟೆ. ಒಂದಕ್ಕೆ ಪೆಟ್ರೋಲು, ಇನ್ನೊಂದಕ್ಕೆ ಮಂದವಾದ ಎಣ್ಣೆ. ಪೆಟ್ರೋಲು ಎಂಜಿನ್ನು ಓಡಿಸುತ್ತದೆ. ಎಣ್ಣೆ ಉದ್ದನೆಯ ಅಲಗಿಗೆ ಇಳಿದು, ಅದರ ಸುತ್ತ ಓಡುವ ಹಲ್ಲಿನ ಚೈನು ಕಾಯದ ಹಾಗೆ ನೋಡಿಕೊಳ್ಳುತ್ತದೆ. ಎರಡೂ ಜೊತೆಜೊತೆಯಾಗಿ ಖಾಲಿಯಾಗಬೇಕು. ಆ ಬುಧವಾರ ಬೆಳಿಗ್ಗೆ ನಮ್ಮ ಮಿಷೀನಿನಲ್ಲಿ ಪೆಟ್ರೋಲು ಪೂರ್ತಿ ಮುಗಿದಿತ್ತು, ಎಣ್ಣೆ ಮಾತ್ರ ತುಂಬಿದ ಹಾಗೇ ಇತ್ತು. ಅಲಗಿನಿಂದ ಹೊಗೆ ಬರುತ್ತಿತ್ತು. ಅಂಚು ಸುಟ್ಟು ನೀಲಿಯಾಗಿತ್ತು. ಚೈನು ಕಾದು ಹಿಗ್ಗಿ, ಹಳೇ ಲಂಗದ ಲಾಡಿಯ ಹಾಗೆ ಜೋಲಾಡುತ್ತಿತ್ತು.

ನೋಡಿದ ಕೂಡಲೇ ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಆಗ ಗೊತ್ತಿರಲಿಲ್ಲ. ಸಿಟ್ಟಿಗೆ ಆಳು ಆಮೇಲೆ ಹುಡುಕಿಕೊಳ್ಳುವುದು ನನ್ನ ಮೊದಲಿನ ಅಭ್ಯಾಸ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿದ್ದ ಕಾಲ ಅದು. ತಿಗನಾರೆ ಕಡೆಯ ನಮ್ಮ ಹೊಲಗಳ ಬದುವಿನಲ್ಲಿ, ಕಲ್ಲು ಬಿದ್ದ ಬರಡಿನಲ್ಲಿ ಮಾವ, ಅಂದರೆ ನನ್ನ ಗಂಡನ ಅಪ್ಪ, ನೀಲಗಿರಿ ನೆಟ್ಟಿದ್ದರು. ರಾಗಿ, ಜೋಳ ಹಾಕಿದರೆ ಹಂದಿಗೂ ಆನೆಗೂ ಪಾಲು ಕೊಟ್ಟು ಉಳಿದದ್ದು ನಮಗೆ. ನೀಲಗಿರಿಗೆ ಯಾವ ಪ್ರಾಣಿಯೂ ಬಾಯಿ ಹಾಕುವುದಿಲ್ಲ. ಮರ ಬೆಳೆದವು, ಕೊಡಲಿ ಹಿಡಿಯುವ ಆಳುಗಳು ಸಿಗಲಿಲ್ಲ. ಮಾವ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗಿ ಈ ಮಿಷೀನು ತಂದರು. ಬಸ್ಸಿನಲ್ಲಿ ಸಾಮಾನಿಡುವ ಜಾಗಕ್ಕೆ ಹಾಕಲು ಬಿಡದೆ, ತೊಡೆಯ ಮೇಲೆ ಇಟ್ಟುಕೊಂಡೇ ಬಂದರಂತೆ. ಇಳಿದಾಗ ಪಂಚೆಯೆಲ್ಲ ಎಣ್ಣೆ.

ಅದನ್ನು ಓಡಿಸುವವನು ನಮ್ಮೂರ ಕೇರಿಯವನೇ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಅವನಪ್ಪ ನಮ್ಮ ಹೊಲದಲ್ಲಿ ಕೂಲಿ ಮಾಡಿದವನು, ಇವನೂ ಅದೇ. ನಡುವೆ ಕೊಡಗಿನ ಕಾಫಿ ತೋಟದಲ್ಲಿ ಒಂದಷ್ಟು ಕಾಲ ಇದ್ದು ಮಿಷೀನು ಓಡಿಸುವುದನ್ನು ಕಲಿತುಕೊಂಡು ಬಂದಿದ್ದ. ಬರುವಾಗ ಒಂದು ಹಳದಿ ಹೆಲ್ಮೆಟ್ಟು, ಕಣ್ಣಿಗೆ ಕಟ್ಟುವ ಒಂದು ಪ್ಲಾಸ್ಟಿಕ್ ಕನ್ನಡಕ ತಂದಿದ್ದ. ಆ ಕನ್ನಡಕ ಏರಿಸಿಕೊಂಡೇ ಟೀ ಅಂಗಡಿಗೂ ಹೋಗುತ್ತಿದ್ದ. ಜಂಬ ಅಂದರೆ ಅಷ್ಟಿಷ್ಟಲ್ಲ. ಒಂದು ಮರ ಕೆಡವಿ ಬಂದರೆ ಅದು ಯಾವ ದಿಕ್ಕಿಗೆ ವಾಲಿತ್ತು, ಇವನು ಯಾವ ದಿಕ್ಕಿಗೆ ಬೀಳಿಸಿದ ಅಂತ ಅರ್ಧ ಗಂಟೆ ಹೇಳುತ್ತಿದ್ದ. ಮೊದಲೆಲ್ಲ ಅವನನ್ನು ಊರವರು ‘ಏಯ್’ ಅಂತ ಕರೆಯುತ್ತಿದ್ದರು. ಮಿಷೀನು ಬಂದ ಮೇಲೆ ‘ಆಪರೇಟ್ರು’ ಆದ. ಅವನ ಹೆಂಡತಿ ಕೂಡ ನೀರಿನ ಟ್ಯಾಂಕಿನ ಹತ್ತಿರ, ನಮ್ಮ ಆಪರೇಟ್ರು ಇನ್ನೂ ಉಂಡಿಲ್ಲ ಅನ್ನುತ್ತಿದ್ದಳು. ಅದನ್ನು ಕೇಳಿ ನನಗೆ ನಗುವೂ ಬರುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಆ ಹೆಸರೇ ಆ ದಿನ ಹೋಗುವುದರಲ್ಲಿತ್ತು.

ಹೊಗೆಯಾಡುವ ಅಲಗಿನ ಸಮೇತ ಮಿಷೀನನ್ನು ಅವನು ಅಂಗಳಕ್ಕೆ ತಂದು ಇಟ್ಟಾಗ ಮಾವ ಜಗಲಿಯಿಂದ ಇಳಿದು ಬಂದರು. ಮುಚ್ಚಳ ತೆಗೆದು ನೋಡಿದರು. ಎಣ್ಣೆ ತುಂಬಿದೆ, ಆದರೆ ಇಳಿದಿಲ್ಲ. ಹಾಗಾದರೆ ಎಣ್ಣೆಯೇ ಸರಿಯಿಲ್ಲ ಅಂತ ತೀರ್ಮಾನಿಸಿದರು. ಒಳ್ಳೆ ಎಣ್ಣೆಯನ್ನು ಇವನು ಎಲ್ಲೋ ಕೊಟ್ಟು, ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಹುಯ್ದಿದ್ದಾನೆ, ಅದು ಕಟ್ಟಿಕೊಂಡಿದೆ. ಅವನು ಇಲ್ಲ ಬುದ್ದಿ, ಇಲ್ಲ ಬುದ್ದಿ ಅನ್ನುತ್ತಲೇ ಇದ್ದ. ಮಾವನಿಗೆ ಬುದ್ದಿ ಅನ್ನುವುದು ಕೇರಿಯವರೆಲ್ಲರ ರೂಢಿ. ಮಾವ ಕೇಳಲಿಲ್ಲ. ಸಂಜೆಯೊಳಗೆ ಮಿಷೀನು ಸರಿಹೋಗದಿದ್ದರೆ ನಾಳೆಯಿಂದ ಹಾಸನೂರಿನ ಇನ್ನೊಬ್ಬ ಓಡಿಸುತ್ತಾನೆ, ನೀನು ಮೊದಲಿನ ಹಾಗೆ ಹಾರೆ ಹಿಡಿ ಅಂದುಬಿಟ್ಟರು.

ನನ್ನ ಮಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸಲೀಸಾಗುತ್ತಿತ್ತು. ಯಾರ ಮನೆಯಲ್ಲಿ ಕಾಯಿಲೆ ಬಿದ್ದರೂ ಮೊದಲು ಹೋಗಿ ಕೂರುವವರು ಅವರೇ. ಆದರೆ ಒಂದು ಸಲ ಒಂದು ಮಾತು ಅವರ ತಲೆಯೊಳಗೆ ಹೊಕ್ಕರೆ ಮುಗಿಯಿತು, ಅದನ್ನು ಹೊರಗೆ ಎಳೆಯಲು ಎರಡು ಜೊತೆ ಎತ್ತು ಬೇಕು.

ಎಣ್ಣೆಯ ಡಬ್ಬ ಇರುತ್ತಿದ್ದದ್ದು ನನ್ನ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ದಿನಾ ಬೆಳಿಗ್ಗೆ ಅಳೆದು ಕೊಡುತ್ತಿದ್ದವಳು ನಾನು. ಹಾಗಂತ ಹೇಳಿದೆ. ನೀನು ಕೊಟ್ಟದ್ದು ಸರಿ, ಅವನು ಅದನ್ನೇ ಹುಯ್ದದ್ದು ಕಂಡೆಯಾ ಅಂದರು. ಮೈ ಉರಿಯಿತು. ಸಹಾಯಕ್ಕೆ ಬರಲಿ ಅಂತ ನನ್ನ ಗಂಡನ ಕಡೆ ನೋಡಿದರೆ, ಅವರು ತಾಳವಾಡಿಯಲ್ಲಿ ಏನೋ ಕೆಲಸ ಇದೆ ಅಂತ ಮೋಟಾರು ಸೈಕಲ್ಲು ಒದೆಯುತ್ತಿದ್ದರು. ಅಪ್ಪನ ದನಿ ಏರಿದ ದಿನವೆಲ್ಲ ಅವರಿಗೆ ತಾಳವಾಡಿಯಲ್ಲಿ ಕೆಲಸ ಇರುತ್ತಿತ್ತು.

ಸರಿ, ನಾನೇ ನೋಡುತ್ತೇನೆ ಅಂದೆ. ಹೊಲಿಗೆ ಮಿಷೀನು ಎಷ್ಟೋ ಸಲ ಬಿಚ್ಚಿ ಜೋಡಿಸಿದವಳು. ಎಣ್ಣೆ ಇರುವ ಕಡೆಯಿಂದ ಬೇಕಾದ ಕಡೆಗೆ ಹೋಗುತ್ತಿಲ್ಲ ಅಂದರೆ ದಾರಿಯಲ್ಲಿ ಎಲ್ಲೋ ತಡೆ ಇದೆ. ಅಷ್ಟು ತಿಳಿಯಲು ದೊಡ್ಡ ಬುದ್ಧಿ ಬೇಕಿಲ್ಲ ಅಂದುಕೊಂಡೆ. ಆ ಅಹಂಕಾರ ಮಧ್ಯಾಹ್ನದವರೆಗೆ ಉಳಿಯಲಿಲ್ಲ.

ಮೊದಲು ಮಿಷೀನು ಮಾರಿದ ಅಂಗಡಿಯವನಿಗೆ ಫೋನು ಮಾಡಿದೆ. ಸತ್ಯಮಂಗಲದವನು, ತಮಿಳು. ನಾನು ಪೂರ್ತಿ ಹೇಳುವ ಮೊದಲೇ ‘ಆಯಿಲ್ ಮಾತ್ತುಂಗ’ ಅಂದ, ಎಣ್ಣೆ ಬದಲಾಯಿಸಿ ಅಂತ. ಎಣ್ಣೆ ನೀವೇ ಕೊಟ್ಟದ್ದು ಅಂದೆ. ಹಾಗಾದರೆ ಪಂಪು ಹೋಗಿರಬೇಕು, ಕೆಳಗೆ ತನ್ನಿ ಅಂದ. ಘಾಟಿ ಇಳಿದು ಹತ್ತಿ ಬರಲು ಒಂದು ದಿನ, ನಮಗಿದ್ದದ್ದು ಸಂಜೆಯವರೆಗೆ. ಫೋನು ಕುಕ್ಕಿದೆ. ಇದನ್ನು ಕೇಳಿಸಿಕೊಂಡ ಆಪರೇಟರು, ನಾನು ಬೆಳಿಗ್ಗೆಯಿಂದ ಅದನ್ನೇ ಬಡಕೊಂಡೆ, ಪಂಪು ಹೋಗಿದೆ, ಕೊಡಗಿನಲ್ಲಿ ಇಂಥದ್ದು ಎಷ್ಟು ನೋಡಿದ್ದೇನೆ ಅಂತ ಶುರು ಮಾಡಿದ. ಕೊಡಗಿನ ಕಥೆ ಸಾಕು, ಸ್ಪಾನರು ಕೊಡು ಅಂದೆ.

ಬಿಳಿ ಬೇಸಿನ್ನಿಗೆ ಎಣ್ಣೆ ಬಗ್ಗಿಸಿದೆವು. ಒಂದು ಚೂರು ಕಪ್ಪಿಲ್ಲ, ಹೊಸ ಬೆಲ್ಲದ ಪಾಕದ ಬಣ್ಣ. ಬೇಸಿನ್ನನ್ನು ಎತ್ತಿಕೊಂಡು ಹೋಗಿ ಮಾವನ ಮುಂದೆ ಇಟ್ಟೆ. ಗೆದ್ದೆ ಅಂತ ನನ್ನ ಲೆಕ್ಕ. ಮಾವ ಬೆರಳದ್ದಿ ನೋಡಿದರು, ಮೂಸಿದರು, ಸಿಕ್ಕಿಬೀಳುತ್ತೇನೆ ಅಂತ ಗೊತ್ತಾಗಿ ಈಗ ಬದಲಾಯಿಸಿದ್ದಾನೆ ಅಂದರು. ಬೇಸಿನ್ನು ಅಲ್ಲೇ ಬಿಟ್ಟು ವಾಪಸು ಬಂದೆ. ಕಳ್ಳ ಅಂದುಕೊಂಡವರ ಕಣ್ಣಿಗೆ ಶುದ್ಧವಾದ ಎಣ್ಣೆಯೂ ಕಳ್ಳತನದ ಸಾಕ್ಷಿ.

ಮಿಷೀನಿನ ಎಣ್ಣೆಯ ತೊಟ್ಟಿಯೊಳಗೆ ಒಂದು ಕೊಳವೆ, ಅದರ ತುದಿಗೆ ಎಣ್ಣೆ ಸೋಸುವ ಪುಟ್ಟ ಗುಂಡು ಇರುತ್ತದೆ. ಅದನ್ನು ತಂತಿಯ ಕೊಕ್ಕೆಯಲ್ಲಿ ಎಳೆದು ಪೆಟ್ರೋಲಿನಲ್ಲಿ ತೊಳೆದೆವು. ಕೊಳೆ ಇತ್ತು, ಆದರೆ ಹೊಗೆ ಏಳುವಷ್ಟಲ್ಲ. ತೊಟ್ಟಿಗೆ ಗಾಳಿ ಹೋಗುವ ಸಣ್ಣ ಕಿಂಡಿ ಬಾಯಲ್ಲಿ ಊದಿದೆ. ನಾಲಗೆ ತುಂಬ ಎಣ್ಣೆಯ ಕಹಿ. ಆಮೇಲೆ ಚೈನು ಬಿಚ್ಚಿ, ಅಲಗಿನ ಅಂಚಿನಲ್ಲಿ ಚೈನು ಕೂರುವ ಸೀಳನ್ನು ಹಳೇ ಚಾಕುವಿನ ತುದಿಯಿಂದ ಕೆರೆದೆ. ಹುಣಸೆಹಣ್ಣಿನ ಹಾಗೆ ಕಪ್ಪಗೆ, ಅಂಟಂಟಾದ ಮರದ ಪುಡಿ ಬಂತು. ಕೆರೆದಷ್ಟೂ ಬಂತು. ಇದೇ, ಇದೇ ಅಂದುಕೊಂಡೆ. ಅವನ ಮುಖದಲ್ಲೂ ಬೆಳಕು ಕಂಡಿತು.

ಅವಸರದಲ್ಲಿ ಜೋಡಿಸಿದೆವು. ಎಣ್ಣೆ ಇಳಿಯುತ್ತಿದೆಯೋ ಇಲ್ಲವೋ ನೋಡಲು ಒಂದು ಉಪಾಯ ಇದೆ. ಗೊಬ್ಬರದ ಬಿಳಿ ಚೀಲ ಹಾಸಿ, ಅಲಗಿನ ಮೂತಿಯನ್ನು ಅದರ ಮೇಲೆ ಹಿಡಿದು ಮಿಷೀನನ್ನು ಜೋರು ಮಾಡಬೇಕು. ಸರಿ ಇದ್ದರೆ ಚೀಲದ ಮೇಲೆ ಎಣ್ಣೆಯ ಗೆರೆ ಸಿಡಿಯುತ್ತದೆ. ಅವನು ಹಗ್ಗ ಎಳೆದ, ಜೋರು ಮಾಡಿದ. ಊರೆಲ್ಲ ಅದುರಿತು. ಕೊಟ್ಟಿಗೆಯಲ್ಲಿ ದನ ಬೆದರಿದವು. ಚೀಲ ತೊಳೆದಿಟ್ಟ ಹಾಗೆ ಬೆಳ್ಳಗೇ ಇತ್ತು. ಇನ್ನಷ್ಟು ಜೋರು ಮಾಡು ಅಂತ ಕೂಗಿದೆ. ಅವನು ಆರಿಸಿಬಿಟ್ಟ. ನೋಡಿದರೆ ನಾನು ಚೈನನ್ನು ತಿರುಗಾಮುರುಗಾ ಹಾಕಿದ್ದೆ, ಹಲ್ಲೆಲ್ಲ ಹಿಂದಕ್ಕೆ. ಅವನು ಆ ದಿನ ಮೊದಲ ಸಲ ನಕ್ಕ. ಸ್ಪಾನರನ್ನು ಎಸೆದೆ. ಅದು ಕೋಳಿಗೂಡಿಗೆ ತಗುಲಿತು. ಕೋಳಿಗಳ ಬೈಗುಳವನ್ನೂ ಕೇಳಬೇಕಾಯಿತು.

ಚೈನು ನೆಟ್ಟಗೆ ಹಾಕಿ ಮತ್ತೆ ನೋಡಿದೆವು. ಗೆರೆ ಇಲ್ಲ. ಒಂದು ಹನಿ ಇಲ್ಲ.

ಮಧ್ಯಾಹ್ನ ಬಿಸಿಲು ಏರಿತು. ಮಾವ ಉಂಡು, ಜಗಲಿಯ ಮೇಲೆ ಮಲಗದೆ ಕೂತಿದ್ದರು, ನಾವು ಸೋಲುವುದನ್ನು ಕಾಯುತ್ತ. ಅವನು ಹೆಲ್ಮೆಟ್ಟು ಬಿಚ್ಚಿ ನೆಲದ ಮೇಲಿಟ್ಟು, ಹಾರೆ ಹಿಡಿದರೂ ಹೊಟ್ಟೆ ತುಂಬುತ್ತದೆ ಬಿಡಿ ಅಂದ. ಆ ಮಾತು ಕೇಳಿ ನನಗೆ ಅಳು ಬರುವಷ್ಟು ಸಿಟ್ಟು ಬಂತು. ಹೊಟ್ಟೆ ತುಂಬಿಸಲು ನಾನು ಇಷ್ಟೊತ್ತು ಎಣ್ಣೆ ಕುಡಿದೆನಾ? ಎದ್ದೇಳು ಅಂದೆ. ಈ ಸಲ ಅಲಗೂ ಬೇಡ, ಚೈನೂ ಬೇಡ, ಎರಡನ್ನೂ ನಾನು ತೆಗೆಯುತ್ತೇನೆ, ಬರೀ ಎಂಜಿನ್ನು ಓಡಿಸು ಅಂದೆ. ಹೊಲಿಗೆ ಮಿಷೀನಿನಲ್ಲಿ ದಾರ ಕಡಿಯುತ್ತಿದ್ದರೆ ನಾನು ಹಾಗೇ ಮಾಡುವುದು, ಒಂದೊಂದೇ ಭಾಗ ಬಿಡಿಸಿ ನೋಡುವುದು. ಅವನಿಗೆ ನಂಬಿಕೆ ಇರಲಿಲ್ಲ. ಆದರೂ ಓಡಿಸಿದ.

ಅಲಗು ಕೂರುವ ಜಾಗದಲ್ಲಿ, ಮಿಷೀನಿನ ಮೈಯಲ್ಲೇ ಒಂದು ಸಣ್ಣ ಕಣ್ಣು ಇದೆ. ಅಲ್ಲಿಂದ ಎಣ್ಣೆ ಒಸರಿ, ಗುಂಡಗಾಗಿ, ಜಾರಿತು. ಹಿಂದೆಯೇ ಇನ್ನೊಂದು ಹನಿ. ಪಂಪು ಗಟ್ಟಿಮುಟ್ಟಾಗಿತ್ತು. ತೊಟ್ಟಿಯಿಂದ ಇಲ್ಲಿವರೆಗೆ ಎಲ್ಲ ಸರಿ. ತಡೆ ಇರುವುದು ಇನ್ನು ಅಲಗಿನಲ್ಲೇ.

ಅಲಗನ್ನು ಬಿಸಿಲಿಗೆ ಹಿಡಿದೆ. ಅದರ ಬುಡದಲ್ಲಿ, ಮಿಷೀನಿನ ಕಣ್ಣಿಗೆ ಸರಿಯಾಗಿ ಕೂರುವ ಒಂದು ತೂತು ಇರಬೇಕು. ತಿರುಗಿಸಿ ಹಾಕಿದರೆ ಬೇಕಾಗುತ್ತದೆ ಅಂತ ಇನ್ನೊಂದು ತೂತು. ಎರಡೂ ತೂತು ಕಾಣಲೇ ಇಲ್ಲ. ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಎರಡು ಚುಕ್ಕೆ, ಗಾರೆ ಮಾಡಿದ ಹಾಗೆ ನುಣ್ಣಗೆ. ಸೆರಗಿನ ಪಿನ್ನು ತೆಗೆದು ಚುಚ್ಚಿದೆ. ಮೊದಲು ಹೋಗಲಿಲ್ಲ. ಒತ್ತಿ ತಿರುಗಿಸಿದಾಗ ಹೊರಗಿನ ಪದರ ಒಡೆದು ಒಳಗಿಂದ ಬೆಳ್ಳಗೆ ಹಿಟ್ಟಿನಂಥ ಪುಡಿ ಬಂತು. ಬೆರಳಲ್ಲಿ ಉಜ್ಜಿದೆ. ಆ ನುಣುಪು ನನ್ನ ಬೆರಳಿಗೆ ಗೊತ್ತು. ದಿನಾ ಮಿಂದ ಮೇಲೆ ಹಣೆಗೆ ಹಚ್ಚಿಕೊಳ್ಳುವುದು ಅದನ್ನೇ.

ವಿಭೂತಿ.

ನಮ್ಮ ಮನೆಯಲ್ಲಿ ದುಡಿಯುವ ವಸ್ತುವಿಗೆಲ್ಲ ಸೋಮವಾರ ವಿಭೂತಿ ಬೀಳುತ್ತದೆ. ಮಾವ ಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ನೇಗಿಲಿಗೆ, ಎತ್ತಿನ ಹಣೆಗೆ, ಬೋರಿನ ಸ್ವಿಚ್ಚಿನ ಪೆಟ್ಟಿಗೆಗೆ, ನನ್ನ ಹೊಲಿಗೆ ಮಿಷೀನಿಗೆ ಮೂರೆಳೆ ಎಳೆಯುತ್ತಾರೆ. ಮರ ಕುಯ್ಯುವ ಮಿಷೀನು ಬಂದ ಹೊಸತರಲ್ಲಿ ಅದರ ಮೇಲ್ಮೈಗೇ ಎಳೆಯುತ್ತಿದ್ದರು. ಆಪರೇಟರು ಹಿಡಿದು ಕೆಲಸ ಮಾಡಿದರೆ ಹೊತ್ತೇರುವಷ್ಟರಲ್ಲಿ ಅದು ಅವನ ಕೈಯ ಬೆವರಿಗೆ ಅಳಿಸಿಹೋಗುತ್ತಿತ್ತು. ಅದು ಮಾವನಿಗೆ ಹಿಡಿಸಲಿಲ್ಲ. ಅವನ ಕೈ ತಾಗದ ಜಾಗ ಹುಡುಕಿದರು. ಭಾನುವಾರ ನನ್ನ ಗಂಡ ಅಲಗು ಬಿಚ್ಚಿ ಸೀಮೆಎಣ್ಣೆಯಲ್ಲಿ ಒರೆಸಿ ಜಗಲಿಯ ಮೇಲಿಡುತ್ತಿದ್ದರು. ಸೋಮವಾರ ಮಾವ ಅದರ ಬುಡಕ್ಕೆ, ಎರಡೂ ಪಕ್ಕಕ್ಕೆ, ಮೂರೆಳೆ ಎಳೆಯತೊಡಗಿದರು. ಬುಡ ಮುಚ್ಚಳದೊಳಗೆ ಹೋಗುತ್ತದಲ್ಲ, ಯಾರ ಕೈಯೂ ತಾಗುವುದಿಲ್ಲ. ಪೂಜೆ ಆದದ್ದನ್ನು ಆಪರೇಟರು ಬಿಚ್ಚಕೂಡದು ಅಂತ ಕಟ್ಟಪ್ಪಣೆ ಬೇರೆ. ಗಂಡ ಜೋಡಿಸಿ ಕೊಡಬೇಕು, ಅವನು ಓಡಿಸಬೇಕು. ವಾರ ವಾರ ಬಿದ್ದ ವಿಭೂತಿ ಎಣ್ಣೆ ಕುಡಿದು ತೂತಿನೊಳಗೆ ಕಲ್ಲಾಗಿತ್ತು.

ಯಾರ ಕೈ ತಾಗಬಾರದು ಅಂತ ಒಳಗೆ ಹಚ್ಚಿದರೋ, ಈಗ ಅವನೇ ಕಳ್ಳ.

ಪಿನ್ನಿನ ತುದಿಯಲ್ಲಿ ಆ ಪುಡಿ ಹಿಡಿದುಕೊಂಡು ಜಗಲಿಗೆ ಹೋದೆ. ಅವನೂ ಹಿಂದೆ ಬಂದು ಅಂಗಳದಲ್ಲೇ ನಿಂತ. ಮಾವನಿಗೆ ಎಲ್ಲ ಹೇಳಿದೆ, ಬಿಡಿಸಿ ಬಿಡಿಸಿ. ಎಣ್ಣೆ ಸರಿ ಇದೆ, ಪಂಪು ಸರಿ ಇದೆ, ತೂತಿಗೆ ವಿಭೂತಿ ಕೂತಿದೆ, ಇವನದೇನೂ ತಪ್ಪಿಲ್ಲ. ಮೆಲ್ಲಗೇ ಹೇಳಿದೆ ಅಂದುಕೊಂಡಿದ್ದೆ. ಆಮೇಲೆ ಪಕ್ಕದ ಮನೆಯವಳು ತನಗೂ ಕೇಳಿಸಿತು ಅಂದಳು.

ಮಾವ ಪುಡಿಯನ್ನು ಅಂಗೈಗೆ ಹಾಕಿಸಿಕೊಂಡು ಉಜ್ಜಿದರು. ಅವರಿಗೆ ಗುರುತು ಸಿಕ್ಕಿತು. ಸಿಕ್ಕಿದ್ದು ನಾನು ಕಂಡೆ. ಅವರ ಕೈ ತಾನಾಗಿ ಹಣೆಯ ಕಡೆ ಹೋಗಿ ಅರ್ಧದಲ್ಲಿ ನಿಂತಿತು. ಆಮೇಲೆ ಮುಖ ಬಿಗಿದುಕೊಂಡಿತು.

“ಐವತ್ತೊರ್ಸದಿಂದ ಅಣೆಗೆ ಅಚ್ಕತಾವ್ನಿ ಕಣವ್ವ, ನನ್ ಅಣೆ ಕಟ್ಕಂಡುಬುಟ್ಟಿತಾ?” ಅಂದರು.

ನಾನು ಏನೋ ಹೇಳಲು ಹೋದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಅಂಗಳದಲ್ಲಿ ನಿಂತವನ ಕಡೆ ಅಂಗೈ ಚಾಚಿದರು. “ನೀನ್ ಏಳ್ಲಾ. ಇದೇನು?”

ಅವನು ಹತ್ತಿರ ಬಂದು ಅಂಗೈ ನೋಡಿದ. ಮಾವನ ಹಣೆ ನೋಡಿದ. ನನ್ನನ್ನು ಮಾತ್ರ ನೋಡಲಿಲ್ಲ. ಬೆಳಿಗ್ಗೆಯಿಂದ ಕೊಡಗು, ಪಂಪು ಅಂತ ನನ್ನ ತಲೆ ತಿಂದವನು, ಮರ ಯಾವ ಕಡೆ ಬಿತ್ತು ಅಂತ ಅರ್ಧ ಗಂಟೆ ಹೇಳುವವನು, ಈಗ ಮಾತು ಹುಡುಕುತ್ತಿದ್ದ. ನಿಜ ಹೇಳುತ್ತಾನೆ, ಮುಗಿಯಿತು ಅಂದುಕೊಂಡೆ.

“ಈಬೂತಿ ಅಲ್ಲ ಬುದ್ದಿ. ನೀಲಗಿರಿ ಪುಡಿ, ಎಣ್ಣೆ ಕುಡ್ದು ಬೆಳ್ಳಗಾಗ್ಬುಟ್ಟದೆ. ನಾನ್ ಚೆಂದಾಗಿ ನೋಡ್ಕಬೇಕಿತ್ತು. ನಂದೇ ತಪ್ಪು,” ಅಂದ.

ಮಾವನ ಮುಖ ಸಡಿಲವಾಯಿತು. ಅಷ್ಟು ಬೇಗ ಸಡಿಲವಾಗಬಾರದಿತ್ತು. ಅಂಗೈಯ ಪುಡಿಯನ್ನು ನೆಲಕ್ಕೆ ಕೊಡವದೆ ಪಂಚೆಯ ಚುಂಗಿಗೆ ಒರೆಸಿಕೊಂಡರು. ಆಮೇಲೆ ಬೈಯತೊಡಗಿದರು. ಸೋಮಾರಿ ಅಂದರು, ಜಂಬ ಜಾಸ್ತಿಯಾಯಿತು ಅಂದರು, ಕನ್ನಡಕ ಹಾಕಿಕೊಂಡು ತಿರುಗಿದರೆ ಮಿಷೀನು ತಾನಾಗಿ ಓಡುತ್ತದಾ ಅಂದರು. ಅವನು ತಲೆ ತಗ್ಗಿಸಿ ಎಲ್ಲದಕ್ಕೂ ಹೂಂ ಅಂದ. ಬೈಗುಳ ಸುಸ್ತಾದ ಮೇಲೆ ಮಾವ, ಹೋಗಲಿ, ಇನ್ನು ಮೇಲೆ ಸರಿಯಾಗಿ ನೋಡಿಕೋ, ಹೋಗಿ ಕೆಲಸ ಮಾಡು ಅಂದರು. ಹಾಸನೂರಿನವನ ಮಾತು ಅಲ್ಲಿಗೆ ನಿಂತುಹೋಯಿತು.

ಎರಡೂ ತೂತು ಬಿಡಿಸಿ, ಅಲಗು ಜೋಡಿಸಿ ಬಿಳಿ ಚೀಲದ ಮೇಲೆ ಹಿಡಿದಾಗ ಎಣ್ಣೆ ಉದ್ದಕ್ಕೆ ಸಿಡಿಯಿತು. ಬೆಳಿಗ್ಗೆಯಿಂದ ಆ ಗೆರೆಗಾಗಿ ಒದ್ದಾಡಿದ್ದೆ. ಈಗ ನೋಡಲೂ ಮನಸ್ಸಾಗಲಿಲ್ಲ. ಅವನು ಹೊರಟಾಗ ಬೇಲಿಯ ತನಕ ಹಿಂದೆಯೇ ಹೋದೆ. ನಾಚಿಕೆ ಆಗಲ್ವಾ ನಿನಗೆ ಅಂದೆ. ಇಡೀ ದಿನ ನಿನಗೋಸ್ಕರ ಬಡಿದಾಡಿದೆ, ನಿನ್ನ ಹೆಸರು ಉಳಿಸಲು, ನೀನೇ ಅದನ್ನು ಅವರ ಕಾಲಡಿ ಹಾಕಿದೆ ಅಂದೆ. ಇನ್ನೂ ಏನೇನೋ ಅಂದೆ. ಅವನು ಪೂರ್ತಿ ಕೇಳಿಸಿಕೊಂಡ.

“ಈಬೂತಿ ತಪ್ಪು ಅಂದ್ರೆ ನನ್ನ ಓಡುಸ್ತಾರೆ ಅಮ್ಮಾರೆ. ನಂದ್ ತಪ್ಪು ಅಂದ್ರೆ ಬೋದು ಬುಡ್ತಾರೆ.”

ಸಿಟ್ಟು ಇತ್ತು, ಅದನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಅವನು ಆ ಪಿನ್ನು ಕೊಡಿ ಅಂತ ಕೇಳಿದ. ಸೋಮವಾರ ಹೊಲಕ್ಕೆ ಹೋದ ಮೇಲೆ, ಮರದ ಮರೆಯಲ್ಲಿ, ಯಾರೂ ಕಾಣದ ಹಾಗೆ ಬಿಚ್ಚಿ ಚುಚ್ಚಿಕೊಳ್ಳುತ್ತೇನೆ ಅಂದ. ಕೊಟ್ಟೆ. ಅದನ್ನು ಕನ್ನಡಕದ ಪಟ್ಟಿಗೆ ಸಿಕ್ಕಿಸಿಕೊಂಡು, ಮಿಷೀನು ಹೆಗಲಿಗೇರಿಸಿ ಹೋದ.

ಸಂಜೆಯವರೆಗೂ ಬರಡಿನ ಕಡೆಯಿಂದ ಮರ ಬೀಳುವ ಸದ್ದು ಬರುತ್ತಲೇ ಇತ್ತು, ತಡೆಯಿಲ್ಲದೆ, ಒಂದರ ಹಿಂದೆ ಒಂದು. ಮಾವ ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು. ನಾನು ಕಾಫಿ ತಂದಿಟ್ಟಾಗ ಅವರ ಮುಖದಲ್ಲಿ ನಿಜವಾದ ಸಂತೋಷ ಇತ್ತು.

“ನೋಡ್ದಾ ಕಣವ್ವ,” ಅಂದರು, “ಒಂದ್ಸಲ ಬೋದುದ್ಕೆ ಎಂಗ್ ಕೆಲ್ಸ ಮಾಡ್ತಾವ್ನೆ.”

ನಾನು ಹೂಂ ಅಂದೆ.